ಹಿರಿಯರೊಡನೆ ಗಿರಿದರ್ಶನ: ದಾರಿಗಿಂತ ನಿಲುಗಡೆ ಮುಖ್ಯ

ವೃದ್ಧಾಪ್ಯದಲ್ಲಿ ಮನುಷ್ಯನ ಲೋಕ ಸದ್ದಿಲ್ಲದೆ ಕಿರಿದಾಗುತ್ತಾ ಹೋಗುತ್ತದೆ. ಮೊದಲು ಹೊಲದ ಓಡಾಟ ನಿಲ್ಲುತ್ತದೆ, ಆಮೇಲೆ ಸಂತೆ, ಆಮೇಲೆ ಊರ ಜಾತ್ರೆ. ಕೊನೆಗೆ ಉಳಿಯುವುದು ಪಡಸಾಲೆಯ ಕುರ್ಚಿ, ದೂರದರ್ಶನ ಮತ್ತು ಮಾತ್ರೆಯ ಡಬ್ಬಿ. ಮಳೆಗಾಲ ಮುಗಿದು ಮಲೆನಾಡಿನ ಬೆಟ್ಟಗಳು ಹಸಿರುಟ್ಟು ನಿಂತಾಗ ಮನೆಮಂದಿ ಒಂದು ದಿನದ ಪ್ರವಾಸಕ್ಕೆ ಸಿದ್ಧರಾಗುತ್ತಾರೆ. ಹಿರಿಯರನ್ನೂ ಕರೆಯುತ್ತಾರೆ. "ನನಗೆ ಬೇಡಪ್ಪಾ, ನೀವು ಹೋಗಿ ಬನ್ನಿ" ಎಂಬ ಉತ್ತರ ಬರುತ್ತದೆ. ಕರೆದವರಿಗೆ ಕರೆದೆವೆಂಬ ಸಮಾಧಾನ. ಅಲ್ಲಿಗೆ ಮಾತು ಮುಗಿಯುತ್ತದೆ.

ಆ ಮಾತು ಅಲ್ಲಿಗೆ ಮುಗಿಯಬಾರದು ಎಂಬುದು ನನ್ನ ನಿಲುವು. ಹಿರಿಯರ 'ಬೇಡ' ಎಂಬ ಪದದಲ್ಲಿ ಅನಾಸಕ್ತಿ ಇರುವುದು ಅಪರೂಪ. ಅದರಲ್ಲಿರುವುದು ಹೆಚ್ಚಾಗಿ ಅಂಜಿಕೆ. ದಾರಿಯಲ್ಲಿ ಮೂತ್ರಕ್ಕೆ ಅವಸರವಾದರೆ ಏನು ಗತಿ, ಮೆಟ್ಟಿಲಲ್ಲಿ ಉಸಿರು ಕಟ್ಟಿದರೆ ಎಲ್ಲರೂ ನನಗಾಗಿ ಕಾಯಬೇಕಲ್ಲ, ತಿರುವಿನಲ್ಲಿ ವಾಂತಿಯಾದರೆ ಮಕ್ಕಳ ಸಂತೋಷ ಕೆಡುವುದಲ್ಲ ಎಂಬ ಅಂಜಿಕೆ. ಈ ಭಯಗಳಲ್ಲಿ ಒಂದೂ ಹುರುಳಿಲ್ಲದ್ದಲ್ಲ. ನಾವು ಪ್ರವಾಸ ಯೋಜಿಸುವ ರೀತಿಯೇ ಅವನ್ನು ಹುಟ್ಟಿಸಿದೆ. ಎಷ್ಟು ಸ್ಥಳ ನೋಡಬಹುದು ಎಂಬ ಪ್ರಶ್ನೆಯಿಂದ ನಮ್ಮ ಯೋಜನೆ ಆರಂಭವಾಗುತ್ತದೆ. ಹಿರಿಯರು ಜೊತೆಗಿರುವ ಪ್ರವಾಸ ಎಲ್ಲಿ, ಎಷ್ಟು ಹೊತ್ತಿಗೊಮ್ಮೆ, ಎಂಥ ಜಾಗದಲ್ಲಿ ನಿಲ್ಲುತ್ತೇವೆ ಎಂಬ ಪ್ರಶ್ನೆಯಿಂದ ಆರಂಭವಾಗಬೇಕು. ನಿಲುಗಡೆ ಸರಿಯಾದರೆ ಎಂಬತ್ತರ ಅಜ್ಜಿಯೂ ಗಿರಿಯನ್ನು ಕಾಣಬಹುದು. ನಿಲುಗಡೆ ತಪ್ಪಿದರೆ ಅರವತ್ತರ ಗಟ್ಟಿಗನೂ ಮರುದಿನ ಹಾಸಿಗೆ ಹಿಡಿಯಬಹುದು.

ಶಾಸ್ತ್ರದ ಮಾತು

ಆಯುರ್ವೇದವು ಆಯುಷ್ಯವನ್ನು ಮೂರು ಭಾಗ ಮಾಡಿ, ಬಾಲ್ಯದಲ್ಲಿ ಕಫ, ಮಧ್ಯವಯಸ್ಸಿನಲ್ಲಿ ಪಿತ್ತ, ವೃದ್ಧಾಪ್ಯದಲ್ಲಿ ವಾತ ಪ್ರಧಾನವೆಂದು ಹೇಳುತ್ತದೆ. ವಾತದ ಗುಣ ರೂಕ್ಷತೆ, ಶೈತ್ಯ, ಚಲನೆ. ವಾಹನದ ಕುಲುಕಾಟ, ಬೆಟ್ಟದ ಶೀತಗಾಳಿ, ಹೊತ್ತು ಮೀರಿದ ಊಟ, ನಿದ್ರೆಗೆಟ್ಟ ರಾತ್ರಿ ಇವು ನಾಲ್ಕೂ ವಾತವನ್ನು ಕೆರಳಿಸುವಂಥವು. ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ, ಶೋಧನ ಚಿಕಿತ್ಸೆ ಪಡೆದು ದುರ್ಬಲನಾಗಿರುವವನು ವರ್ಜಿಸಬೇಕಾದ ಎಂಟು ಸಂಗತಿಗಳನ್ನು ಹೆಸರಿಸಲಾಗಿದೆ. ಅವುಗಳಲ್ಲಿ 'ರಥಕ್ಷೋಭ', ಅಂದರೆ ವಾಹನದ ಕುಲುಕಾಟ, ಒಂದು. 'ಅತ್ಯಾಸನ', ಅಂದರೆ ಬಹಳ ಹೊತ್ತು ಕುಳಿತೇ ಇರುವುದು, ಇನ್ನೊಂದು. ಆ ನಿಯಮ ಚಿಕಿತ್ಸೆ ಪಡೆದವರಿಗಾಗಿ ಹೇಳಿದ್ದಾದರೂ ವಯಸ್ಸಿನಿಂದ ದೇಹಬಲ ಕುಗ್ಗಿದವರಿಗೂ ಅದರ ವಿವೇಕ ಅನ್ವಯಿಸುತ್ತದೆ. ಎತ್ತಿನ ಬಂಡಿಯ ಕಾಲದಲ್ಲಿ ಕಂಡ ಈ ಸತ್ಯವು ಕಾರಿನ ಮೆತ್ತನೆಯ ಆಸನ ಬಂದ ಮಾತ್ರಕ್ಕೆ ಸುಳ್ಳಾಗಿಲ್ಲ.

ಇದಕ್ಕಿಂತಲೂ ನೇರವಾಗಿ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಸೂತ್ರಸ್ಥಾನದ ಏಳನೆಯ ಅಧ್ಯಾಯ. ಅದರ ಹೆಸರೇ 'ನವೇಗಾಂಧಾರಣೀಯ', ವೇಗಗಳನ್ನು ತಡೆಯಬಾರದು ಎಂಬುದು. ದೇಹದ ಹದಿಮೂರು ಸಹಜ ವೇಗಗಳನ್ನು ಅಲ್ಲಿ ಎಣಿಸಲಾಗಿದೆ. ಅವುಗಳಲ್ಲಿ ಏಳನ್ನು ಪ್ರವಾಸದ ದಿನ ನಾವು ಹಿರಿಯರಿಂದ ಬಲವಂತವಾಗಿ ತಡೆಯಿಸುತ್ತೇವೆ: ಮೂತ್ರ, ಮಲ, ಬಾಯಾರಿಕೆ, ಹಸಿವು, ನಿದ್ರೆ, ವಾಂತಿ ಮತ್ತು ಶ್ರಮದಿಂದ ಬರುವ ಏದುಸಿರು. "ಇನ್ನು ಹತ್ತೇ ನಿಮಿಷ, ತಡೆದುಕೊಳ್ಳಿ" ಎಂಬ ಮಾತನ್ನು ಒಂದು ದಿನದಲ್ಲಿ ಎಷ್ಟು ಸಲ ಹೇಳುತ್ತೇವೆಂದು ಎಣಿಸಿ ನೋಡಬೇಕು. ಶ್ರಮದ ಏದುಸಿರನ್ನು ತಡೆಯುವುದರಿಂದ ಹೃದಯದ ತೊಂದರೆಯೂ ಮೂರ್ಛೆಯೂ ಉಂಟಾಗಬಹುದೆಂದು ಅದೇ ಅಧ್ಯಾಯ ಎಚ್ಚರಿಸುತ್ತದೆ. ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಳ್ಳಲು ನಾಚಿಕೊಂಡು, ಸೊಸೆಯ ಹೆಜ್ಜೆಗೆ ಹೆಜ್ಜೆ ಹಾಕಲು ಹೋಗುವ ಮಾವನವರು ಈ ಎಚ್ಚರಿಕೆಯನ್ನು ನೆನಪಿಡಬೇಕು.

ನೀರು ಕುಡಿಯದ ತಾಯಂದಿರು

ಪ್ರವಾಸದಿಂದ ಬಂದ ಎರಡನೆಯ ದಿನ ಉರಿಮೂತ್ರ, ಜ್ವರ, ತಲೆಸುತ್ತು ಎಂದು ಚಿಕಿತ್ಸಾಲಯಕ್ಕೆ ಬರುವ ವೃದ್ಧ ಸ್ತ್ರೀಯರು ಅನೇಕರು. ವಿಚಾರಿಸಿದರೆ ಕಾರಣ ಒಂದೇ ಆಗಿರುತ್ತದೆ. ದಾರಿಯಲ್ಲಿ ಶೌಚಾಲಯ ಸಿಗದೆಂಬ ಭಯದಿಂದ ಮುಂಜಾನೆಯಿಂದಲೇ ನೀರು ಕುಡಿದಿರುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ಅದರ ಮೇಲೆ ಬೇಕೆಂದೇ ನೀರು ಬಿಟ್ಟರೆ ರಕ್ತದ ಒತ್ತಡ ಇಳಿದು, ಕುಳಿತವರು ಎದ್ದಾಗ ಕಣ್ಣು ಕತ್ತಲಿಡುತ್ತದೆ. ಹಾಗೆ ಬಿದ್ದು ತೊಡೆಯ ಮೂಳೆ ಮುರಿದರೆ ಆ ಜೀವ ಮತ್ತೆ ಮೊದಲಿನಂತೆ ನಡೆದಾಡುವುದು ಕಷ್ಟ. ಒಂದು ಲೋಟ ನೀರಿನ ಸಂಕೋಚ ಹೀಗೆ ಒಬ್ಬರ ಸ್ವಾವಲಂಬನೆಯನ್ನೇ ಕಸಿದುಕೊಳ್ಳಬಲ್ಲದು.

ಗಂಡಸರದು ಇನ್ನೊಂದು ಬಗೆ. ರಕ್ತದೊತ್ತಡಕ್ಕೋ ಹೃದಯದ ತೊಂದರೆಗೋ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಆ ದಿನ ಯಾರಿಗೂ ಹೇಳದೆ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಸಂಜೆಗೆ ಕಾಲು ಊದಿಕೊಳ್ಳುತ್ತದೆ, ರಾತ್ರಿ ಉಸಿರು ಭಾರವಾಗುತ್ತದೆ. ಮಾತ್ರೆ ಬಿಡಬಾರದು, ತೆಗೆದುಕೊಳ್ಳುವ ಹೊತ್ತನ್ನು ಆ ಒಂದು ದಿನ ಬದಲಿಸಬಹುದೇ ಎಂದು ಕೊಟ್ಟ ವೈದ್ಯರನ್ನು ಮೊದಲೇ ಕೇಳಬೇಕು. ಕೇಳಿದರೆ ದಾರಿ ಸಿಗುತ್ತದೆ.

ಆದುದರಿಂದ ನಕ್ಷೆಯಲ್ಲಿ ಮೊದಲು ಗುರುತಿಸಬೇಕಾದದ್ದು ನೋಟದ ಸ್ಥಳಗಳನ್ನಲ್ಲ, ಶೌಚಾಲಯಗಳನ್ನು. ಒಂದೂವರೆ ಗಂಟೆಗೊಮ್ಮೆ ನಿಲ್ಲಬೇಕು. ಅವಸರವಾಗಿದೆಯೇ ಎಂದು ಎಲ್ಲರೆದುರು ಕೇಳಬಾರದು. ನಿಲ್ಲಿಸಿ, ಎಲ್ಲರೂ ಇಳಿಯಬೇಕು. ಆಗ ಹಿರಿಯರಿಗೆ ಸಂಕೋಚವಿರುವುದಿಲ್ಲ. ಮಂಡಿನೋವಿನವರು ಕುಕ್ಕರುಗಾಲಿನಲ್ಲಿ ಕೂರಲಾರರು; ಕುರ್ಚಿಯಂಥ ಶೌಚಪೀಠ ಎಲ್ಲಿದೆಯೆಂದು ತಿಳಿದಿರಬೇಕು. ಔಷಧಿ ಅಂಗಡಿಗಳಲ್ಲಿ ದೊರೆಯುವ ಮಡಿಸುವ ಕಮೋಡ್ ಕುರ್ಚಿಯೊಂದನ್ನು ಕಾರಿನ ಹಿಂಬದಿಯಲ್ಲಿಟ್ಟುಕೊಂಡರೆ, ಅದನ್ನು ಬಳಸುವ ಪ್ರಸಂಗ ಬಾರದಿದ್ದರೂ ಅದು ಇದೆಯೆಂಬ ಧೈರ್ಯವೇ ಅರ್ಧ ಔಷಧ.

ಎತ್ತರ, ಚಳಿ ಮತ್ತು ತಿರುವು

ಬೆಟ್ಟದ ಮೇಲೆ ಆಮ್ಲಜನಕವಿಲ್ಲ, ಮುದುಕರಿಗೆ ಅಪಾಯ ಎಂಬ ಮಾತು ವ್ಯಾಪಕವಾಗಿದೆ. ಇದನ್ನು ಅಳತೆಯಿಂದ ನೋಡಬೇಕು. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ೨೫೦೦ ಮೀಟರಿನ ಮೇಲೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ೧೯೩೦ ಮೀಟರು. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದರಲ್ಲೊಂದು ಭಾಗ ಕಡಿಮೆ. ಕುಳಿತು ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಮೆಟ್ಟಿಲೇರುವ ದುರ್ಬಲ ಹೃದಯಕ್ಕೆ ತಿಳಿಯುತ್ತದೆ. ಅಂದರೆ ಎತ್ತರಕ್ಕಿಂತ ಅಲ್ಲಿ ಮಾಡುವ ಶ್ರಮದ ಕಡೆಗೆ ನಮ್ಮ ಎಚ್ಚರವಿರಬೇಕು.

ಚಳಿಯ ಲೆಕ್ಕವೂ ಸರಳ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸುಮಾರು ೬ ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪಟ್ಟಣವೇ ಸಾವಿರ ಮೀಟರಿಗಿಂತ ತುಸು ಮೇಲಿದೆ. ಅಲ್ಲಿಂದ ಗಿರಿಯ ತುದಿಗೆ ಐದು ಡಿಗ್ರಿಯಷ್ಟು ವ್ಯತ್ಯಾಸ. ಅದರ ಮೇಲೆ ಎಡೆಬಿಡದ ಗಾಳಿ. ಕಿವಿ, ತಲೆ, ಎದೆ ಮುಚ್ಚುವ ಉಣ್ಣೆಯ ಬಟ್ಟೆ ಕೈಗೆಟಕುವಲ್ಲಿ ಇರಬೇಕು. ಗಂಟು ಕಟ್ಟಿ ಹಿಂಬದಿಯಲ್ಲಿಟ್ಟ ಶಾಲಿನಿಂದ ಪ್ರಯೋಜನವಿಲ್ಲ.

ತಿರುವುಗಳಲ್ಲಿ ವಾಂತಿ ಬರುವವರನ್ನು ಮುಂದಿನ ಆಸನದಲ್ಲಿ ಕೂರಿಸಿ, ದೂರದ ಸಾಲುಬೆಟ್ಟವನ್ನು ನೋಡುತ್ತಿರಲು ಹೇಳಬೇಕು. ಮೊಬೈಲು, ಪತ್ರಿಕೆ ಕೂಡದು. ಒಣಶುಂಠಿಯ ಚಿಟಿಕೆ ಪುಡಿಯನ್ನು ಬೆಲ್ಲದೊಡನೆ ಚಪ್ಪರಿಸಿದರೆ ಅನೇಕರಿಗೆ ಸಾಕಾಗುತ್ತದೆ. ಅಂಗಡಿಯಲ್ಲಿ ಕೇಳಿ ಪಡೆಯುವ ವಾಂತಿನಿರೋಧಕ ಮಾತ್ರೆಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಹಲವು ಹಿರಿಯರಿಗೆ ಮಂಪರು, ಗೊಂದಲ ತರುತ್ತವೆ; ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವವರಿಗೆ ಮೂತ್ರ ಕಟ್ಟಿಕೊಳ್ಳುವಂತೆ ಮಾಡಬಲ್ಲವು. ಏರುವಾಗ ಇಳಿಯುವಾಗ ಕಿವಿ ಮುಚ್ಚಿದಂತಾದರೆ ಏಲಕ್ಕಿಯನ್ನೋ ಲವಂಗವನ್ನೋ ಬಾಯಲ್ಲಿಟ್ಟು ಉಗುಳು ನುಂಗುತ್ತಿದ್ದರೆ ಸರಿಹೋಗುತ್ತದೆ.

ಒಂದು ದಿನಕ್ಕೆ ಒಂದು ಗಿರಿ

ಇವೆಲ್ಲ ಒಂದು ದಿನದ ಪ್ರವಾಸದಲ್ಲಿ ಹೇಗೆ ಕೂಡಿಬರುತ್ತವೆ ಎಂಬುದನ್ನು ಚಿಕ್ಕಮಗಳೂರಿನ ಗಿರಿಶ್ರೇಣಿಯ ಉದಾಹರಣೆಯಿಂದ ನೋಡೋಣ. ಮುಳ್ಳಯ್ಯನಗಿರಿಯ ತುದಿಯಲ್ಲಿ ಮುಳ್ಳಪ್ಪಸ್ವಾಮಿಗಳ ಗದ್ದುಗೆ ಇರುವುದರಿಂದ ನಮ್ಮ ಭಕ್ತಸಮೂಹಕ್ಕೆ ಆ ಗಿರಿ ಪರಿಚಿತ. ಅನೇಕರು ಒಂದೇ ದಿನದಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಕೆಮ್ಮಣ್ಣುಗುಂಡಿ ಎಲ್ಲವನ್ನೂ ಮುಗಿಸುವ ಸಾಹಸ ಮಾಡುತ್ತಾರೆ. ಹಿರಿಯರೊಡನೆ ಇದು ಸಲ್ಲದು.

ಹೊರಡುವ ಹೊತ್ತಿನಿಂದಲೇ ಆರಂಭಿಸೋಣ. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಸೂರ್ಯೋದಯಕ್ಕೆ ಬೆಟ್ಟ ಮುಟ್ಟಿಸುವುದು ತರುಣರ ಹವ್ಯಾಸ. ನಿತ್ಯ ಇಷ್ಟಲಿಂಗ ಪೂಜೆ ಮುಗಿಸದೆ ಪ್ರಸಾದ ಸ್ವೀಕರಿಸದ ಹಿರಿಯರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ. ನಸುಕಿಗೇ ಹೊರಟರೆ ಅವರ ಪೂಜೆ ಅವಸರದ್ದಾಗುತ್ತದೆ, ಇಲ್ಲವೇ ಬರಿಹೊಟ್ಟೆಯಲ್ಲೇ ಕಾರು ಹತ್ತುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ತಿರುವುಗಳನ್ನು ಏರುವುದು ಅಪಾಯಕರ. ಪೂಜೆ, ಶೌಚ, ಉಪಾಹಾರ ಮೂರೂ ನೆಮ್ಮದಿಯಿಂದ ಮುಗಿದ ಮೇಲೆ ಎಂಟೂವರೆಗೆ ಪಟ್ಟಣದಿಂದ ಹೊರಟರೆ ತಡವೇನಲ್ಲ. ಅಷ್ಟರಲ್ಲಿ ಮಂಜೂ ತುಸು ಕರಗಿರುತ್ತದೆ. ಹಾಸನ, ಕಡೂರಿನಂಥ ಹತ್ತಿರದ ಊರುಗಳವರು ಮುಂಜಾನೆ ಬಂದು ಸಂಜೆ ಮರಳಬಹುದು. ಅದಕ್ಕಿಂತ ದೂರದವರು ಹಿಂದಿನ ರಾತ್ರಿಯೇ ಬಂದು ಪಟ್ಟಣದಲ್ಲಿ ತಂಗುವುದು ಲೇಸು. ಇಡೀ ದಿನದಲ್ಲಿ ಕಾರಿನೊಳಗೆ ಕೂರುವ ಒಟ್ಟು ಸಮಯ ನಾಲ್ಕು ಗಂಟೆಯನ್ನು ಮೀರದಿರಲಿ ಎಂಬುದು ನಾನು ಹೇಳುವ ಅಳತೆ.

ಪಟ್ಟಣದಿಂದ ಮುಳ್ಳಯ್ಯನಗಿರಿಗೆ ಸುಮಾರು ೨೦ ಕಿಲೋಮೀಟರ್. ಕೈಮರ ದಾಟಿದ ಮೇಲೆ ಕಾಫಿ ತೋಟಗಳ ನಡುವೆ ಏರು ಆರಂಭವಾಗುತ್ತದೆ. ತೋಟಗಳು ಮುಗಿದಂತೆ ಹುಲ್ಲುಗಾವಲಿನ ಬೆಟ್ಟಗಳು ತೆರೆದುಕೊಳ್ಳುತ್ತವೆ. ಈ ಏರುದಾರಿಯೇ ಅರ್ಧ ದರ್ಶನ. ನಿಧಾನವಾಗಿ ಹೋಗಬೇಕು, ಗಾಜು ತುಸು ಇಳಿಸಿರಬೇಕು. ದಾರಿಯಲ್ಲಿ ಸಿಗುವ ಸೀತಾಳಯ್ಯನಗಿರಿಯೇ ಹಿರಿಯರ ಪಾಲಿಗೆ ಆ ದಿನದ ಮುಖ್ಯ ನಿಲುಗಡೆಯಾಗಲಿ. ವಾಹನ ದೇವಾಲಯದ ಸಮೀಪಕ್ಕೇ ಹೋಗುತ್ತದೆ. ಶೀತಳ ಮಲ್ಲಿಕಾರ್ಜುನನ ದರ್ಶನ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಕುಳಿತರೆ ಕಣಿವೆಯ ನೋಟ ಕಣ್ಣೆದುರಿಗೇ ಇರುತ್ತದೆ. ಮಡಿಸುವ ಕುರ್ಚಿ ಒಂದೆರಡು ಜೊತೆಗಿದ್ದರೆ ಅಲ್ಲೇ ಮುಕ್ಕಾಲು ಗಂಟೆ ಕೂರಬಹುದು.

ಮುಂದಿನ ಮುಳ್ಳಯ್ಯನಗಿರಿಯಲ್ಲಿ ರಸ್ತೆ ಮುಗಿದ ಮೇಲೆ ನೂರಾರು ಮೆಟ್ಟಿಲುಗಳಿವೆ. ಮನೆಯ ಮಕ್ಕಳು ಏರಿ ಬರಲಿ. ಹಿರಿಯರೊಡನೆ ಒಬ್ಬರು ಕೆಳಗೆ ಉಳಿಯಲಿ. ಯಾರು ಉಳಿಯುವುದೆಂದು ಮನೆಯಲ್ಲೇ ತೀರ್ಮಾನವಾಗಿರಬೇಕು. ಅಲ್ಲಿ ಹೋಗಿ ಚರ್ಚಿಸಿದರೆ ತಾನೊಂದು ಹೊರೆಯೆಂಬ ಭಾವ ಹಿರಿಯರಿಗೆ ತಪ್ಪದು. ಏರಲೇಬೇಕೆಂಬ ಹಟದವರಿಗೆ ಒಂದು ಮಾತು: ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ಏರುವಾಗಿನದಕ್ಕಿಂತ ಹೆಚ್ಚು. ಏರಲು ಆದೀತೇ ಎಂದು ಯೋಚಿಸುವವರು ಇಳಿಯಲು ಆದೀತೇ ಎಂದು ಮೊದಲು ಯೋಚಿಸಬೇಕು.

ಗಿರಿಯ ಮೇಲಿನ ಶೌಚಾಲಯಗಳನ್ನು, ಅಲ್ಲಿನ ನೀರನ್ನು ನೆಚ್ಚಿಕೊಂಡು ಯೋಜನೆ ಮಾಡಬಾರದು. ಆದುದರಿಂದ ಮೇಲಿನ ಒಟ್ಟು ಸಮಯ ಎರಡು ಗಂಟೆಯೊಳಗಿರಲಿ. ಮಧ್ಯಾಹ್ನ ಹನ್ನೆರಡೂವರೆಗೆ ಪಟ್ಟಣಕ್ಕೆ ಇಳಿದು ಬಂದು, ಊಟ ಮಾಡಿ, ಒಂದು ಕೋಣೆಯಲ್ಲಿ ಗಂಟೆಯ ಕಾಲ ಕಾಲು ನೀಡಿ ಮಲಗುವಂತಿರಬೇಕು. ಒಂದು ಕೋಣೆಯ ಬಾಡಿಗೆ ದುಂದು ಎನಿಸಬಹುದು. ಆದರೆ ಆ ವಿಶ್ರಾಂತಿಯೇ ಸಂಜೆಯನ್ನು ಉಳಿಸಿಕೊಡುತ್ತದೆ.

ಮೂರೂವರೆಗೆ ಹಿರೇಕೊಳಲೆ ಕೆರೆ. ಪಟ್ಟಣದಿಂದ ಸುಮಾರು ೧೦ ಕಿಲೋಮೀಟರ್. ಕೆರೆಯ ಏರಿ ಸಮತಟ್ಟಾದುದು, ನೀರಿನಾಚೆ ಬೆಟ್ಟಗಳ ಸಾಲು. ಮುಂಜಾನೆ ಕಾರಿನಿಂದ ಕಂಡ ಬೆಟ್ಟಗಳನ್ನು ಇಲ್ಲಿ ನೆಲದ ಮೇಲೆ ನಿಂತು, ತಮ್ಮ ಕಾಲಲ್ಲಿ ತಾವೇ ನೂರು ಹೆಜ್ಜೆ ನಡೆದು ನೋಡಬಹುದು. ದಿನದಲ್ಲಿ ಒಂದಾದರೂ ಸ್ಥಳ ಹಿರಿಯರು ಯಾರ ಕೈಯನ್ನೂ ಹಿಡಿಯದೆ ನಡೆಯುವಂಥದ್ದು ಇರಬೇಕು. ಸಖರಾಯಪಟ್ಟಣದ ಕಡೆಯಿಂದ ಬರುವವರಿಗೆ ಅಯ್ಯನಕೆರೆಯ ಏರಿಯೂ ಇದೇ ಗುಣದ್ದು. ಸಂಜೆಯ ಪೂಜೆಯ ಹೊತ್ತಿಗೆ ಮನೆಯಲ್ಲೋ ತಂಗುದಾಣದಲ್ಲೋ ಇರಬೇಕು. ಕತ್ತಲಲ್ಲಿ ಘಟ್ಟದ ದಾರಿ ಬೇಡ.

ಇಷ್ಟೂ ಬೇಡ, ಗಿರಿಧಾಮದಲ್ಲಿ ಸುಮ್ಮನೆ ಕೂರುತ್ತೇವೆ ಎನ್ನುವವರಿಗೆ ಕೆಮ್ಮಣ್ಣುಗುಂಡಿ ಒಳ್ಳೆಯದು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯ ವಿಶ್ರಾಂತಿಗೆ ಬಳಸಿದ ಈ ತಾಣ ೧೪೩೪ ಮೀಟರ್ ಎತ್ತರದಲ್ಲಿದೆ. ಉದ್ಯಾನದವರೆಗೆ ವಾಹನ ಹೋಗುತ್ತದೆ. ಝಡ್ ಪಾಯಿಂಟಿನ ನಡಿಗೆಯನ್ನೂ ಹೆಬ್ಬೆ ಜಲಪಾತವನ್ನೂ ಹಿರಿಯರ ಪಟ್ಟಿಯಿಂದ ಕೈಬಿಡಬೇಕು. ಅದೇ ಭಾಗದ ಕಲ್ಲತ್ತಿಗಿರಿಯಲ್ಲಿ ವೀರಭದ್ರ ದೇವಾಲಯವಿದೆ. ನೀರು ಬೀಳುವ ಜಾಗದ ಕಲ್ಲುಗಳು ಪಾಚಿಗಟ್ಟಿ ಜಾರುವುದರಿಂದ ದೂರದಿಂದಲೇ ನೋಡುವುದು ಕ್ಷೇಮ. ಯಾವ ಗಿರಿಯಾದರೂ ಶನಿವಾರ, ಭಾನುವಾರ, ಸಾಲುರಜೆಗಳನ್ನು ಬಿಡಿ. ಆ ದಿನಗಳಲ್ಲಿ ಕಿರಿದಾದ ರಸ್ತೆಯಲ್ಲಿ ಸಿಲುಕಿ ಗಂಟೆಗಟ್ಟಲೆ ಕಾಯಬೇಕಾದೀತು. ವಾಹನಗಳ ಮಿತಿ, ಮುಂಗಡ ನೋಂದಣಿಯ ನಿಯಮಗಳನ್ನು ಮುನ್ನಾದಿನವೇ ವಿಚಾರಿಸಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಮಂಜು, ಮಣ್ಣುಕುಸಿತದ ಕಾಲ. ಅಕ್ಟೋಬರಿನಿಂದ ಫೆಬ್ರುವರಿ ಹಿತಕರ.

ಆಹಾರ, ಔಷಧ, ಪಾದ

ಆ ದಿನದ ಆಹಾರ ಲಘುವಾಗಿ, ಬಿಸಿಯಾಗಿ, ಹೊತ್ತಿಗೆ ಸರಿಯಾಗಿರಬೇಕು. ಬೆಳಿಗ್ಗೆ ಇಡ್ಲಿ ಅಥವಾ ಗಂಜಿ, ಮಧ್ಯಾಹ್ನ ಅನ್ನ, ತಿಳಿಸಾರು, ತುಪ್ಪ. ಕರಿದ ಬಜ್ಜಿ, ಖಾರದ ಮಂಡಕ್ಕಿ ಬೆಟ್ಟದ ಚಳಿಯಲ್ಲಿ ಬಾಯಿಗೆ ರುಚಿ. ಇಳಿಯುವ ತಿರುವುಗಳಲ್ಲಿ ಹೊಟ್ಟೆಗೆ ಶಿಕ್ಷೆ. ಜೀರಿಗೆ ಕುದಿಸಿದ ಬಿಸಿನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಅರ್ಧ ಗಂಟೆಗೊಮ್ಮೆ ಎರಡು ಗುಟುಕು ಕೊಡುತ್ತಿರಬೇಕು. ಹೃದಯ, ಮೂತ್ರಪಿಂಡಗಳ ಕಾಯಿಲೆಗಾಗಿ ನೀರಿಗೆ ಮಿತಿ ಇರುವವರು ಆ ಮಿತಿಯನ್ನು ಪಾಲಿಸಬೇಕು. ಕಾಫಿಯ ನಾಡಿಗೆ ಹೋಗಿ ಕಾಫಿ ಕುಡಿಯಬೇಡಿ ಎನ್ನಲಾರೆ. ಶೌಚಾಲಯ ಹತ್ತಿರವಿರುವ ನಿಲುಗಡೆಯಲ್ಲಿ ಒಂದು ಸಣ್ಣ ಲೋಟ ಸಾಕು. ಹಿಂದಿನ ರಾತ್ರಿ ಹೊಟ್ಟೆ ಶುದ್ಧಿಗೆಂದು ಅಭ್ಯಾಸವಿಲ್ಲದ ವಿರೇಚಕ ಚೂರ್ಣವನ್ನು ಸೇವಿಸುವುದು ತಪ್ಪು. ಅದರ ಫಲ ಮರುದಿನ ಘಟ್ಟದ ನಡುವೆ ಕಾಣಿಸಿಕೊಳ್ಳುತ್ತದೆ.

ಮಾತ್ರೆಗಳು, ವೈದ್ಯರ ಚೀಟಿಯ ಪ್ರತಿ, ಕನ್ನಡಕ, ಊರುಗೋಲು ಇವು ಹಿರಿಯರ ಕೈಚೀಲದಲ್ಲೇ ಇರಲಿ. ಸಕ್ಕರೆ ಕಾಯಿಲೆಯವರಲ್ಲಿ ಬೆವರು, ನಡುಕ, ತೊದಲು, ಕಾರಣವಿಲ್ಲದ ಸಿಡುಕು ಕಂಡರೆ ರಕ್ತದ ಸಕ್ಕರೆ ಇಳಿದಿರಬಹುದೆಂದು ತಿಳಿದು, ಪ್ರಜ್ಞೆಯಿದ್ದರೆ ಕೂಡಲೇ ಮೂರು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಅವರ ಪಾದಗಳಿಗೆ ಸ್ಪರ್ಶಜ್ಞಾನ ಕಡಿಮೆ ಇರುವುದರಿಂದ ದೇವಾಲಯದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದ ಮೇಲೆ ಪಾದಗಳನ್ನು ನೋಡಬೇಕು. ಮುಳ್ಳು ಚುಚ್ಚಿದ್ದೂ ಅವರಿಗೆ ತಿಳಿದಿರುವುದಿಲ್ಲ. ಕಾರಿನಿಂದ ಇಳಿಯುವಾಗ ಮೊದಲು ಎರಡೂ ಕಾಲುಗಳನ್ನು ಹೊರಗಿಟ್ಟು, ಒಂದು ನಿಮಿಷ ಹಾಗೆಯೇ ಕುಳಿತು, ಆಮೇಲೆ ಏಳಬೇಕು. ಇಷ್ಟು ಚಿಕ್ಕ ಅಭ್ಯಾಸ ಅನೇಕ ಬೀಳುವಿಕೆಗಳನ್ನು ತಪ್ಪಿಸುತ್ತದೆ.

ಯಾರು ಹೋಗಬಾರದು

ಎಲ್ಲರೂ ಹೋಗಲಿ ಎಂದು ನಾನು ಹೇಳುತ್ತಿಲ್ಲ. ಇತ್ತೀಚೆಗೆ ಹೃದಯಾಘಾತವಾದವರು, ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾದವರು, ಕುಳಿತಲ್ಲೇ ಏದುಸಿರು ಬರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಮನೆಯಲ್ಲಿ ಆಮ್ಲಜನಕ ಪಡೆಯುತ್ತಿರುವವರು ತಮ್ಮ ವೈದ್ಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಡಬಾರದು. ಹೆಚ್ಚು ಜನಕ್ಕೆ ತಿಳಿಯದ ಇನ್ನೊಂದು ಸಂಗತಿಯಿದೆ. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿಸಿದ್ದರೆ, ಅದು ಕರಗುವವರೆಗೆ ಬೆಟ್ಟ ಹತ್ತಲೇಬಾರದು. ಎತ್ತರದಲ್ಲಿ ಆ ಗುಳ್ಳೆ ಹಿಗ್ಗಿ ದೃಷ್ಟಿಗೇ ಅಪಾಯ ತರಬಲ್ಲದು.

ಇಂಥ ಕಾರಣಗಳಿಲ್ಲದ ಹಿರಿಯರನ್ನು ವಯಸ್ಸಾಯಿತೆಂಬ ಒಂದೇ ನೆಪದಿಂದ ಮನೆಯಲ್ಲಿ ಉಳಿಸುವುದೂ ಒಂದು ಅಪಥ್ಯವೇ. ನಡೆಯದ ಕಾಲು ಬಲಗುಂದುತ್ತದೆ, ಹೊಸದನ್ನು ಕಾಣದ ಮನಸ್ಸು ಮಂಕಾಗುತ್ತದೆ. ಅಕ್ಕಮಹಾದೇವಿ ಶ್ರೀಶೈಲದ ದಾರಿ ಹಿಡಿದ ಪರಂಪರೆ ನಮ್ಮದು. ಗಿರಿ ನಮಗೆ ಅನ್ಯವಲ್ಲ. ಆದರೆ ಅದೇ ಪರಂಪರೆ ಅಂಗೈಯಲ್ಲೇ ಲಿಂಗವನ್ನು ಇರಿಸಿ, ದೇವರನ್ನು ಹುಡುಕಿ ಮೆಟ್ಟಿಲೇರಬೇಕಾದ ಭಾರದಿಂದ ನಮ್ಮನ್ನು ಬಿಡಿಸಿದೆ ಎಂಬುದನ್ನೂ ಮರೆಯಬಾರದು. ಇಷ್ಟಲಿಂಗ ಧರಿಸಿದವರು ಸೀತಾಳಯ್ಯನಗಿರಿಯಲ್ಲೇ ಕುಳಿತು ಕೈಮುಗಿದು ಹಿಂದಿರುಗಿದರೆ ಅವರ ಯಾತ್ರೆಗೆ ಕುಂದಿಲ್ಲ. ತುದಿ ಮುಟ್ಟದಿದ್ದರೆ ಬಂದದ್ದು ವ್ಯರ್ಥ ಎಂಬ ಭಾವವನ್ನು ಹಿರಿಯರೂ ಬಿಡಬೇಕು, ಅವರನ್ನು ಕರೆದೊಯ್ದವರೂ ಬಿಡಬೇಕು.

ಸಮಾಜದ ಹೊಣೆ

ಮನೆಯವರ ಎಚ್ಚರಿಕೆ ಎಷ್ಟಿದ್ದರೂ ದಾರಿಯ ವ್ಯವಸ್ಥೆ ನೆಟ್ಟಗಿಲ್ಲದಿದ್ದರೆ ಫಲವಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ೨೦೧೬ರಲ್ಲಿಯೇ ಅಂಗೀಕಾರವಾಗಿದೆ. ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂಬುದು ಅದರ ಆಶಯ. ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ಖಾಸಗಿ ವಾಹನಗಳನ್ನು ಬುಡದಲ್ಲೇ ತಡೆದು, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಜನರನ್ನು ಮೇಲಕ್ಕೆ ಒಯ್ಯುವ ಪದ್ಧತಿ ಬಂದಿದೆ. ಬೆಟ್ಟಕ್ಕೂ ಕಾಡಿಗೂ ಅದು ಹಿತ. ಇಕ್ಕಟ್ಟಿನ ರಸ್ತೆಯ ಭಯವೂ ತಪ್ಪುತ್ತದೆ. ಅಂಥ ಕಡೆ ಬಸ್ಸಿನ ಎತ್ತರದ ಮೊದಲ ಮೆಟ್ಟಿಲಿಗೆ ಒಂದು ಪೀಠ, ಹಿರಿಯರಿಗೆ ಪ್ರತ್ಯೇಕ ಸಾಲು, ಕಾಯುವಲ್ಲಿ ನೆರಳು ಇದ್ದರೆ ಮಂಡಿನೋವಿನ ತಾಯಿಯೂ ಬೆಟ್ಟ ಕಾಣುತ್ತಾಳೆ. ನಮ್ಮ ಗಿರಿಗಳಿಗೆ ಇಂದು ಬೇಕಿರುವುದು ಮತ್ತಷ್ಟು ಸೆಲ್ಫಿ ಕಟ್ಟೆಗಳಲ್ಲ. ನೀರಿರುವ, ಬಾಗಿಲಿಗೆ ಚಿಲಕವಿರುವ, ಹಿಡಿಕೆಯುಳ್ಳ ಶೌಚಾಲಯ. ಪ್ರತಿ ಮೂವತ್ತು ಮೆಟ್ಟಿಲಿಗೊಂದು ಬೆಂಚು. ಎರಡೂ ಬದಿ ಕಂಬಿ. ಇವು ದೊಡ್ಡ ವೆಚ್ಚದ ಬಾಬತ್ತುಗಳೂ ಅಲ್ಲ.

ಇಲ್ಲಿ ಭಕ್ತರು ಮಾಡಬಹುದಾದ ದಾಸೋಹವೂ ಇದೆ. ಗಿರಿಯ ದೇವಾಲಯಕ್ಕೆ ಕಳಸ, ಗಂಟೆ, ಹೆಸರು ಕೆತ್ತಿದ ಫಲಕಗಳನ್ನು ಅರ್ಪಿಸುವ ದಾನಿಗಳು ಒಂದು ಸ್ವಚ್ಛ ಶೌಚಾಲಯವನ್ನೂ ಅದನ್ನು ದಿನವೂ ತೊಳೆಯುವ ಕಾಯಕಜೀವಿಯ ಸಂಬಳವನ್ನೂ ಅರ್ಪಿಸಲಿ. ದೇಹವನ್ನೇ ದೇವಾಲಯವೆಂದು ಕಂಡ ಶರಣರ ದಾರಿಯಲ್ಲಿ ಇದಕ್ಕಿಂತ ಯೋಗ್ಯವಾದ ಸೇವೆ ವಿರಳ.

ಈ ಸಲ ಹಿರಿಯರು "ನನಗೆ ಬೇಡ" ಎಂದಾಗ, "ಯಾಕೆ ಬೇಡ?" ಎಂದು ಪಕ್ಕದಲ್ಲಿ ಕುಳಿತು ಕೇಳಿ. ಅವರು ಹೇಳುವ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರವಾಸದ ಯೋಜನೆಗೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಸಿಗದು. ಎಲ್ಲ ಹಿರಿಯರಿಗೂ ಗಿರಿಯ ತಂಪು ಗಾಳಿ, ಸುಖಪ್ರಯಾಣ, ಕ್ಷೇಮವಾದ ಮರಳುವಿಕೆ ಲಭಿಸಲಿ.